ಗರ್ಮಿ ಎಂಬ ಮಾತು

ನಮ್ಮ ಕಡೆ ಗರ್ಮಿ ಎನ್ನುವ ಮಾತಿಗೆ ಎರಡು ಅರ್ಥ. ಒಂದು, ಮೈಯೊಳಗಿನ ಕಾವು. ಬಾಯಿ ಹುಣ್ಣಾದರೆ ಗರ್ಮಿ, ಕಣ್ಣು ಉರಿದರೆ ಗರ್ಮಿ, ಮೂಗಿನಲ್ಲಿ ರಕ್ತ ಬಂದರೂ ಗರ್ಮಿ. ಇನ್ನೊಂದು, ಗಂಡಸರು ದನಿ ಇಳಿಸಿ ಆಡುವ ಅರ್ಥ. ಸೂಳೆಯರ ಮನೆಗೆ ಹೋಗಿಬಂದವರಿಗೆ ಅಂಟಿ, ಕೊನೆಗೆ ಮೂಗನ್ನೇ ತಿಂದುಹಾಕುವ ಆ ದೊಡ್ಡ ರೋಗ. ಹೆಂಗಸರು ಅಡುಗೆಮನೆಯಲ್ಲಿ ಮೊದಲನೆಯ ಅರ್ಥದಲ್ಲಿ ದಿನಕ್ಕೆ ಹತ್ತು ಸಲ ಆಡುವ ಈ ಮಾತು ವೈದ್ಯನ ಕಟ್ಟೆಗೆ ಹೋದಾಗ ಎರಡನೆಯ ಅರ್ಥ ತಾಳುತ್ತದೆ ಎಂಬುದು ನನಗಾಗಲಿ ನನ್ನ ಅತ್ತೆಗಾಗಲಿ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ಮನೆ ಬಿಡುವ ಹಂತಕ್ಕೆ ಬಂದಿದ್ದೆ.

ನಾನು ಹುಕ್ಕೇರಿ ತಾಲೂಕಿನ ಘೋಡಗೇರಿಯವಳು. ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತೆ, ಅದಕ್ಕೇ ಮದುವೆ ಹತ್ತೊಂಬತ್ತಕ್ಕೆ ಹೋಯಿತೆಂದು ಊರವರು ಆಡಿಕೊಂಡರು. ಚಿಕ್ಕಂದಿನಿಂದ ನನಗೊಂದು ಚಾಳಿ. ಯಾವುದನ್ನೂ ಸುಮ್ಮನೆ ನೋಡಿ ಬಿಡುವವಳಲ್ಲ. ಹುಣಸೆಯ ಎಲೆ ಸಂಜೆಗೆ ಮಡಚಿಕೊಳ್ಳುವುದನ್ನು ಕಂಡು, ದೀಪ ಹಿಡಿದರೆ ಬೆಳಗಾಯಿತೆಂದು ಮೋಸಹೋಗಿ ಬಿಚ್ಚಿಕೊಳ್ಳುತ್ತದೋ ಎಂದು ಕಂದೀಲು ಎತ್ತಿ ಹಿಡಿದು ನಿಂತಿದ್ದೆ. ಎಲೆ ಬಿಚ್ಚಲಿಲ್ಲ, ಎಣ್ಣೆ ಸುಟ್ಟಿದ್ದಕ್ಕೆ ಅವ್ವ ಬೆನ್ನಿಗೆ ಎರಡು ಕೊಟ್ಟಳು. ಆದರೂ ಚಾಳಿ ಹೋಗಲಿಲ್ಲ. ಸುಟ್ಟರೂ ಹಗ್ಗದ ಹುರಿ ಹೋಗದು ಎನ್ನುತ್ತಾರಲ್ಲ.

ಕೊಟ್ಟದ್ದು ಮೂಡಲಗಿಗೆ, ಬೆಲ್ಲದ ವ್ಯಾಪಾರದ ಮನೆಗೆ. ಮನೆಯಲ್ಲಿ ಮೂರೇ ಜನ. ವಿಧವೆಯಾದ ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ಮತ್ತು ನಾನು. ಗಂಡ ವಾರಕ್ಕೊಮ್ಮೆ ಚಕ್ಕಡಿಯಲ್ಲಿ ಬೆಲ್ಲ ಹೇರಿಕೊಂಡು ಗೋಕಾಕಿನ ಪೇಟೆಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದರು. ಅತ್ತೆಯ ಬಾಯಿ ಜೋರು, ಕೈ ಮೆತ್ತಗೆ. ಬೈಯುತ್ತಲೇ ತಲೆಗೆ ಎಣ್ಣೆ ಒತ್ತುವವರು. ನನಗೆ ಅವರ ಮೇಲೆ ಪ್ರೀತಿಯಿತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬರುವುದನ್ನು ಓದಿ ಯಾರೂ ತಪ್ಪು ತಿಳಿಯಬಾರದು.

ಮದುವೆಯಾಗಿ ಮೂರು ವರ್ಷಕ್ಕೆ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಸಲ ಆಯಿತು. ಮೊದಲು ಜ್ವರ, ತೊಡೆಯ ಸಂದಿನಲ್ಲಿ ಗಂಟು. ಆಮೇಲೆ ಕೆಳಗೆ, ಹೇಳಬಾರದ ಜಾಗ ಎಂದು ನಮ್ಮಲ್ಲಿ ಹೇಳುವ ಜಾಗದಲ್ಲಿ, ಸಣ್ಣ ಸಣ್ಣ ಗುಳ್ಳೆಗಳು. ನೆನೆದ ಸಾಬೂದಾಣಿಯ ಕಾಳುಗಳಂತೆ ಒಂದಕ್ಕೊಂದು ಅಂಟಿಕೊಂಡು ನಾಲ್ಕಾರು. ಎರಡು ದಿನಕ್ಕೆ ಒಡೆದು ಹುಣ್ಣಾದವು. ಉಚ್ಚೆಗೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಕನ್ನಡಿ ಇಟ್ಟು ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗಬೇಕು ಎನ್ನುವವರಿಗೆ ಒಂದು ಮಾತು. ನೋವು ನನ್ನದು, ಕನ್ನಡಿಯೂ ನಾನು ತವರಿನಿಂದ ತಂದದ್ದು.

ಎರಡು ವಾರಕ್ಕೆ ಒಣಗಿ, ಗುರುತೂ ಇಲ್ಲದಂತೆ ಹೋಯಿತು. ಆದರೆ ಮತ್ತೆ ಬಂತು. ಈ ಸಲ ಜ್ವರವಿಲ್ಲ, ಗುಳ್ಳೆ ಕಡಿಮೆ, ಆರೇಳು ದಿನಕ್ಕೆ ಮಾಯ. ಮತ್ತೆ ಬಂತು. ಬರುವ ಮೊದಲ ದಿನ ಆ ಜಾಗದಲ್ಲಿ ಜುಮುಜುಮು ಎನ್ನುತ್ತಿತ್ತು, ಕಾಲು ಜೋಮು ಹಿಡಿದು ಬಿಡುವಾಗ ಆಗುತ್ತದಲ್ಲ, ಹಾಗೆ. ಆ ಜುಮುಜುಮು ಶುರುವಾದರೆ ಸಾಕು, ನಾಳೆ ಗುಳ್ಳೆ ಎಂದು ಹೇಳಬಲ್ಲವಳಾದೆ. ನೋವಿನ ಜೊತೆಗೆ ನನಗೆ ಇದೊಂದು ವಿಚಿತ್ರ ಎನ್ನಿಸಿತು. ಕೆಂಡ ತುಳಿದರೆ ಒಂದು ಸಲ ಸುಡುತ್ತದೆ. ಇದು ಯಾಕೆ ಹೋಗಿ ಹೋಗಿ ಅದೇ ಜಾಗಕ್ಕೆ ತಿರುಗಿ ಬರುತ್ತದೆ? ನಡುವೆ ಎಲ್ಲಿ ಅಡಗಿ ಕೂತಿರುತ್ತದೆ?

ಅತ್ತೆಗೆ ಹೇಳಿದಾಗ ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಗರ್ಮಿ ಅಂದರು. ಬಿಸಿ ಬೆಲ್ಲ ನೆಕ್ಕುತ್ತೀ, ಶೇಂಗಾ ಮುಕ್ಕುತ್ತೀ, ಮೈಯಲ್ಲಿ ಗರ್ಮಿ ಏರದೆ ಏನಾದೀತು ಎಂದು ಬೈದು, ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕುಡಿಸಿದರು, ನೆತ್ತಿಗೆ ಔಡಲೆಣ್ಣೆ ಒತ್ತಿದರು, ಗುಳ್ಳೆಗೆ ಬೆಣ್ಣೆ ಹಚ್ಚಿಕೋ ಎಂದರು. ಬೆಣ್ಣೆಯಿಂದ ಸುಖವೇನೋ ಆಯಿತು. ಆದರೆ ಗರ್ಮಿಯ ಕಾರಣ ನನಗೆ ನಂಬಿಕೆಯಾಗಲಿಲ್ಲ. ಬೆಲ್ಲದ ಮನೆಯಲ್ಲಿ ಹುಟ್ಟಿ ಬೆಳೆದು ನನಗಿಂತ ಹತ್ತು ಪಟ್ಟು ತಿಂದ ಗಂಡನಿಗೆ ಯಾಕೆ ಹೀಗಾಗಿಲ್ಲ ಎಂದು ಕೇಳಿದೆ. ಗಂಡಸರ ಮೈ ಬೇರೆ ಎಂದು ಅತ್ತೆ ಮುಗಿಸಿದರು. ಗಂಡ ಅಲ್ಲೇ ಕೂತು ಉಣ್ಣುತ್ತಿದ್ದರು, ತಲೆ ಎತ್ತಲಿಲ್ಲ.

ನಾನು ಪರೀಕ್ಷೆಗೆ ಇಳಿದೆ. ಒಂದು ತಿಂಗಳು ಬೆಲ್ಲ ಬಿಟ್ಟೆ, ಗುಳ್ಳೆ ಬಂದವು. ಮುಂದಿನ ಸಲ ಶೇಂಗಾ ಬಿಟ್ಟೆ, ಬಂದವು. ಕೆಂಪು ಖಾರ ಬಿಟ್ಟು ಮಜ್ಜಿಗೆ ರೊಟ್ಟಿಯಲ್ಲೇ ದಿನ ದೂಡಿದೆ. ಆಗಲೂ ಬಂದವು, ನನ್ನ ಮುಖ ಮಾತ್ರ ಬಾಡಿತು. ಕೊನೆಗೆ ಸಿಟ್ಟು ಬಂದು ಒಂದೇ ದಿನ ಅಂಗೈಯಗಲ ಬೆಲ್ಲದ ಹೆಂಟೆ, ಒಂದು ಬೊಗಸೆ ಶೇಂಗಾ ತಿಂದು ಕಾದೆ. ಹೊಟ್ಟೆ ಕೆಟ್ಟಿತು, ಗುಳ್ಳೆ ಮಾತ್ರ ಏಳಲಿಲ್ಲ. ಎದ್ದದ್ದು ತಮಗೆ ಬೇಕಾದಾಗ, ಹದಿನೈದು ದಿನದ ಮೇಲೆ. ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಂದೇ ತೀರ್ಮಾನ ಮಾಡಿದೆ.

ಹಾಗಾದರೆ ಯಾವುದಕ್ಕೆ ಸಂಬಂಧ? ಕಣ್ಣ ಮುಂದೆಯೇ ಇದ್ದ ಉತ್ತರ ನನಗೆ ಕಾಣಲಿಲ್ಲ, ಅದಕ್ಕೆ ಕಾರಣ ನಮ್ಮ ಮನೆಯ ಒಳ್ಳೆಯತನವೇ. ಬಸವಣ್ಣನ ಮಾರ್ಗದ ಮನೆ ನಮ್ಮದು. ಕೊರಳಲ್ಲಿ ಲಿಂಗವಿದ್ದ ಮೇಲೆ ಮುಟ್ಟಿಗೆ ಸೂತಕವಿಲ್ಲ. ಮುಟ್ಟಾದರೆ ಸ್ನಾನ ಮಾಡಿ, ಲಿಂಗಪೂಜೆ ಮಾಡಿಕೊಂಡು, ಎಂದಿನಂತೆ ರೊಟ್ಟಿ ಬಡಿಯುವುದು. ಯಾರೂ ಹೊರಗೆ ಕೂರುವುದಿಲ್ಲ, ಹಾಗಾಗಿ ಯಾರೂ ದಿನ ಎಣಿಸುವುದೂ ಇಲ್ಲ. ಬಂತು, ಹೋಯಿತು. ಸಣ್ಣವಳಿದ್ದಾಗ ಎಮ್ಮೆ ಎಂದು ಗಬ್ಬವಾಯಿತು, ಎಂದು ಈಯುತ್ತದೆ ಎಂದು ಬೆರಳು ಮಡಚುತ್ತಿದ್ದ ನಾನು ನನ್ನ ಮುಟ್ಟಿನ ದಿನವನ್ನು ಒಂದು ಸಲವೂ ಎಣಿಸಿರಲಿಲ್ಲ.

ವರ್ಷ ಕಳೆದರೂ ಗುಣವಾಗದ್ದರಿಂದ ಅತ್ತೆಗೆ ಚಿಂತೆ ಹತ್ತಿತು. ಅವರ ತವರು ಹುಕ್ಕೇರಿ. ಅಲ್ಲಿ ಒಬ್ಬ ಹೆಸರುವಾಸಿ ವೈದ್ಯನಿದ್ದ. ದಸರೆಗೆ ಮೊದಲು ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಅಣ್ಣನ ಮನೆಯಲ್ಲಿ ಇಳಿದರು. ವೈದ್ಯ ಕಟ್ಟೆಯ ಮೇಲೆ, ನಾನು ಒಳಗೆ ಪರದೆಯ ಹಿಂದೆ. ಅತ್ತೆ ತಮ್ಮ ಜೋರು ದನಿಯಲ್ಲಿ, ನಡುವೆ ಮುಚ್ಚುಮರೆ ಏನೂ ಇಲ್ಲದೆ ಹೇಳಿದರು:

"ನಮ್ಮ ಸೊಸಿಗೆ ಗರ್ಮಿ ಆಗೇತ್ರಿ. ಕೆಳಗ ಗುಳ್ಳಿ ಏಳತಾವ."

ವೈದ್ಯ ಎಷ್ಟು ದಿನದಿಂದ ಎಂದು ಕೇಳಿದ. ನನ್ನ ನಾಡಿಯನ್ನೂ ನೋಡಲಿಲ್ಲ. ಏಳು ದಿನಕ್ಕೆ ಮಾತ್ರೆ ಕೊಟ್ಟು, ಒಂದೊಂದನ್ನೂ ಗೋದಿ ಹಿಟ್ಟಿನ ಉಂಡೆಯೊಳಗೆ ಮುಚ್ಚಿ ಹಲ್ಲಿಗೆ ತಾಗದಂತೆ ನುಂಗಬೇಕು, ಉಪ್ಪು ಹುಳಿ ಮುಟ್ಟಬಾರದು ಎಂದ. ಹಲ್ಲಿಗೆ ಯಾಕೆ ತಾಗಬಾರದು ಎಂದು ನಾನು ಪರದೆಯ ಹಿಂದಿನಿಂದ ಕೇಳಿದೆ. ಸೊಸೆಗೆ ಬಾಯಿ ಬಹಳ ಎಂದು ಆತ ಅತ್ತೆಗೆ ಹೇಳಿದ.

ನಾಲ್ಕನೆಯ ದಿನಕ್ಕೆ ಉತ್ತರ ತಾನೇ ಸಿಕ್ಕಿತು. ಒಸಡು ಬಾತು, ಬಾಯಿತುಂಬ ಜೊಲ್ಲು ಸುರಿಯತೊಡಗಿತು. ನಾಲಿಗೆಗೆ ತಾಮ್ರ ನೆಕ್ಕಿದ ರುಚಿ. ಮುಂದಿನ ಎರಡು ಹಲ್ಲು ನಾಲಿಗೆಯಿಂದ ದೂಡಿದರೆ ಅಲುಗಾಡುತ್ತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಗಾದೆ ನನ್ನ ಮೈಮೇಲೆಯೇ ನಡೆದುಹೋಯಿತು. ಆ ಮಾತ್ರೆ ಪಾದರಸದ್ದು ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ.

ಏಳನೆಯ ದಿನ ವೈದ್ಯ ನನ್ನ ಜೊಲ್ಲು ನೋಡಿ ಸಂತೋಷಪಟ್ಟ. ರೋಗ ಬಾಯಿಂದ ಹೊರಬೀಳುತ್ತಿದೆ ಎಂದ. ಇನ್ನಷ್ಟು ಮಾತ್ರೆ ಕಟ್ಟಿಕೊಟ್ಟು, ಅತ್ತೆಯನ್ನು ಹತ್ತಿರ ಕರೆದು, ಮಗನಿಗೂ ಕೊಡಬೇಕು, ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ ಎಂದು ಹೇಳಿದ. ಕೊನೆಗೆ ಒಂದು ಪ್ರಶ್ನೆ ಕೇಳಿದ, ಅದು ಪರದೆಯ ಈಚೆಗೂ ಕೇಳಿಸಿತು.

"ಮೊದಲ ಯಾರಿಗೆ ಬಂತು, ಅದನ್ನ ಮನ್ಯಾಗ ವಿಚಾರ ಮಾಡ್ರಿ."

ಅತ್ತೆ ಹೇಳಿದ್ದು ಬೆಲ್ಲದ ಗರ್ಮಿ, ಆತ ಕೇಳಿಸಿಕೊಂಡದ್ದು ಸೂಳೆಗೇರಿಯ ಗರ್ಮಿ. ಒಂದೇ ಮಾತಿನಲ್ಲಿ ಇಬ್ಬರೂ ಬೇರೆ ಬೇರೆ ಊರಿಗೆ ಹೋಗಿದ್ದರು. ಆದರೆ ಅಂದು ಅತ್ತೆಗೆ ತಾವು ಆಡಿದ ಮಾತು ತಪ್ಪಾಯಿತು ಎನ್ನಿಸಲಿಲ್ಲ, ವೈದ್ಯ ರೋಗ ಗುರುತಿಸಿದ ಎಂದೇ ನಂಬಿದರು. ಅವರ ಮುಖ ಬೂದಿಯಾಯಿತು.

ಚಕ್ಕಡಿಯಲ್ಲಿ ತಿರುಗಿ ಬರುವಾಗ ಘೋಡಗೇರಿಯ ದಾರಿ ಒಡೆಯುವಲ್ಲಿ ಅತ್ತೆ ಗಾಡಿ ನಿಲ್ಲಿಸು ಎಂದರು. ನನ್ನ ತವರಿನ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಕೂತು, ನಡಿ ಮುಂದಕ್ಕೆ ಎಂದರು. ನನ್ನನ್ನು ಅಲ್ಲೇ ಇಳಿಸುವ ಮನಸ್ಸಾಗಿತ್ತು ಎಂದು ನನಗೆ ಗೊತ್ತಾಯಿತು. ಮನೆಗೆ ಬಂದ ದಿನವೇ ನನ್ನ ತಾಟು, ತಂಬಿಗೆ, ಹಾಸಿಗೆ ಹಿತ್ತಲ ಕಟ್ಟೆಗೆ ಹೋದವು. ಪೂಜೆಯ ತಟ್ಟೆ ಮುಟ್ಟಬೇಡ ಎಂದರು. ಬನದ ಹುಣ್ಣಿಮೆಯ ತನಕ, ಇನ್ನು ಮೂರು ತಿಂಗಳು, ನೋಡುತ್ತೇನೆ, ಅಷ್ಟರೊಳಗೆ ಗುಳ್ಳೆ ನಿಲ್ಲದಿದ್ದರೆ ಘೋಡಗೇರಿಗೆ ಬಿಟ್ಟುಬರುತ್ತೇವೆ ಎಂದು ಹೇಳಿದರು. ಗುಳ್ಳೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಗರ್ಮಿಯ ಹೆಸರು ಹೊತ್ತು ತವರಿಗೆ ಹೋದವಳನ್ನು ಯಾರೂ ತಿರುಗಿ ಕರೆಯುವುದಿಲ್ಲ ಎಂಬುದೂ ಗೊತ್ತಿತ್ತು.

ಗಂಡನಿಗೆ ಅತ್ತೆ ಮಾತ್ರೆಯ ಮಾತು ಎತ್ತಿದಾಗ, ನನಗೇನೂ ಆಗಿಲ್ಲ ಎಂದು ಗದರಿ ಎದ್ದುಹೋದರು. ಹಿತ್ತಲಲ್ಲಿ ಉಣ್ಣುತ್ತಿದ್ದ ನನ್ನನ್ನು ದಾಟಿ ಕೈ ತೊಳೆಯಲು ಹೋಗುವಾಗ ಅವರ ಕಣ್ಣು ನೆಲದ ಮೇಲಿರುತ್ತಿತ್ತು. ಅದು ಸಾಧು ಮನುಷ್ಯನ ಸಂಕೋಚ ಎಂದುಕೊಂಡು ನಾನೇ ಅವರಿಗಾಗಿ ಮರುಗಿದೆ. ನೆನೆದರೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಮಾತ್ರೆಗಳನ್ನು ಮಾತ್ರ ದಿನಕ್ಕೊಂದರಂತೆ ತಿಪ್ಪೆಗೆ ಹಾಕಿದೆ, ಹಲ್ಲು ಗಟ್ಟಿಯಾದವು.

ಹಿತ್ತಲ ಗೋಡೆ ಎದೆಯೆತ್ತರ. ಆಚೆ ಬಾಜೂ ಮನೆಯವರದು ಒಕ್ಕಲುತನದ ಕುಟುಂಬ, ಅವರಲ್ಲಿ ಮುಟ್ಟಾದರೆ ಮೂರು ದಿನ ಹೊರಗೆ ಕೂರಬೇಕು. ಆ ಮನೆಯ ಸೊಸೆ ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತಿದ್ದೆ. ಗೋಡೆಯ ಆಚೆ ಗೋಣಿತಾಟಿನ ಮೇಲೆ ಅವಳು ಕೂತಿದ್ದಳು, ಈಚೆ ನಾನು. ನಿಮ್ಮಲ್ಲಿ ಹೊರಗೆ ಕೂರುವುದಿಲ್ಲ ಎಂದು ನೀನು ಮೆರೆಯುತ್ತಿದ್ದೆ, ಈಗ ನನಗಿಂತ ಹೆಚ್ಚು ದಿನ ಕೂತಿದ್ದೀಯಲ್ಲ ಎಂದು ಚೇಷ್ಟೆ ಮಾಡಿದಳು. ನನಗೆ ಅಳು ಬಂತು. ಅತ್ತು, ಎಲ್ಲ ಹೇಳಿಬಿಟ್ಟೆ. ಅವಳು ಕೇಳಿ, ಅದೇನು ನನಗೆ ಹೊಸದೇ ಎಂಬಂತೆ ಹೇಳಿದಳು:

"ನಾ ಹೊರಗ ಕುಂದ್ರೂದಕ್ಕ ಎರಡ ದಿನ ಮೊದ್ಲ ನೀ ಕಾಲ ಅಗಲಿಸಿ ನಡೀತಿ. ನನ್ನ ದಿನ ಬಂದೂವು ಅಂತ ನಿನ್ನ ನಡಿಗಿ ನೋಡೇ ಗುರ್ತ ಹಿಡೀತೇನಿ."

ನಾನು ಅಳುವುದನ್ನು ಮರೆತೆ. ವರ್ಷದಿಂದ ನಾನು ಅವಳ ಪಂಚಾಂಗವಾಗಿದ್ದೆ, ನನಗೇ ಗೊತ್ತಿರಲಿಲ್ಲ. ಹೊರಗೆ ಕೂರುವವಳಾದ್ದರಿಂದ ಅವಳ ದಿನಗಳಿಗೆ ಲೆಕ್ಕವಿತ್ತು, ನನ್ನದಕ್ಕೆ ಇರಲಿಲ್ಲ. ಅವಳು ಕೂತಾಗಲೆಲ್ಲ ಗೋಡೆಯ ಮೇಲಿನಿಂದ ರೊಟ್ಟಿ ಕೊಡುವವಳು ನಾನೇ, ಕೊಡುವಾಗ ಬಹಳ ಸಲ ನನಗೂ ಮುಟ್ಟು ಬಂದಿರುತ್ತಿತ್ತು. ಅದು ಈಗ ನೆನಪಾಯಿತು. ಹಾಗಾದರೆ ಮೊದಲು ಗುಳ್ಳೆ, ಅದರ ಬೆನ್ನಿಗೆ ಮುಟ್ಟು. ಪ್ರತಿ ಸಲವೂ ಹೀಗೆಯೇ? ನನಗೆ ನೋವು, ಅವಮಾನ, ಘೋಡಗೇರಿ ಎಲ್ಲ ಒಂದು ಗಳಿಗೆ ಮರೆತುಹೋಗಿ, ಇದನ್ನು ನೋಡಲೇಬೇಕು ಎಂಬ ಹಟ ಹುಟ್ಟಿತು.

ಕಟ್ಟೆಯ ಬದಿಯ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆಯತೊಡಗಿದೆ. ದಿನಕ್ಕೊಂದು ಗೆರೆ. ಜುಮುಜುಮು ಎಂದ ದಿನ ಗೆರೆಯ ಮೇಲೆ ಕೊಂಡಿ, ಗುಳ್ಳೆ ಎದ್ದ ದಿನ ಬೊಟ್ಟು, ಮುಟ್ಟಾದ ದಿನ ಸೊನ್ನೆ. ಶೀಗಿ ಹುಣ್ಣಿಮೆ ಕಳೆದ ಮೇಲೆ ಮೊದಲ ಸಲ ಬರೆದೆ: ಕೊಂಡಿ, ಬೊಟ್ಟು, ಒಂದು ದಿನ ಬಿಟ್ಟು ಸೊನ್ನೆ. ಗೌರಿ ಹುಣ್ಣಿಮೆಯ ನಂತರವೂ ಹಾಗೆಯೇ. ಮೂರನೆಯ ತಿಂಗಳು ಲೆಕ್ಕ ತಪ್ಪಿತು. ಇಪ್ಪತ್ತೊಂಬತ್ತನೆಯ ದಿನ ಮುಟ್ಟು ಬರಬೇಕು, ಎರಡು ದಿನ ಮೊದಲು ಗುಳ್ಳೆ ಏಳಬೇಕು. ಏಳಲಿಲ್ಲ. ಗುಣವಾಯಿತೆಂದು ಸಂತೋಷವಾಗುವ ಬದಲು ನನಗೆ ನಿರಾಸೆಯಾಯಿತು, ಅಷ್ಟು ಚೆಂದದ ಲೆಕ್ಕ ಕೆಟ್ಟಿತಲ್ಲ ಎಂದು. ನಾಲ್ಕು ದಿನ ತಡವಾಗಿ ಜುಮುಜುಮು ಶುರುವಾಯಿತು, ಗುಳ್ಳೆ ಎದ್ದವು, ಅದರ ಹಿಂದೆ ಮುಟ್ಟೂ ಸರಿಯಾಗಿ ನಾಲ್ಕು ದಿನ ತಡವಾಗಿ ಬಂತು. ಮುಟ್ಟು ತಡೆದರೆ ಗುಳ್ಳೆಯೂ ತಡೆದು ನಿಲ್ಲುತ್ತವೆ. ಆ ನೋವಿನಲ್ಲೂ ನಾನು ಒಬ್ಬಳೇ ನಕ್ಕದ್ದು ನೆನಪಿದೆ.

ಅತ್ತೆಯನ್ನು ಕೈಹಿಡಿದು ಕರೆತಂದು ಗೋಡೆ ತೋರಿಸಿದೆ. ಏನಿದು, ಗೋಡೆ ಹೊಲಸು ಮಾಡಿದ್ದೀ ಎಂದರು. ಒಂದೊಂದನ್ನೂ ಬಿಡಿಸಿ ಹೇಳಿದೆ. ಮುಂದಿನದು ಯಾವ ವಾರ ಬರುತ್ತದೆ ಎಂದೂ ಹೇಳಿದೆ. ಅವರು ನಡುವೆ ಒಂದು ಸಲ ಬೊಟ್ಟುಗಳನ್ನು ತಾವೇ ಬೆರಳಿಟ್ಟು ಎಣಿಸಿದರು. ಆಗ ನನಗೆ ಧೈರ್ಯ ಬಂತು.

"ಮುಟ್ಟಿಗೆ ಸೂತಕ ಇಲ್ಲದ ಮನ್ಯಾಗ, ಮುಟ್ಟಿನ ಬೆನ್ನ ಹತ್ತಿ ಬರೂ ಗುಳ್ಳಿಗೆ ಸೂತಕ ಎಲ್ಲಿಂದ ಬಂತ್ರಿ ಅತ್ತಿ?"

ಅವರು ಹೇಳಿದ್ದು ಮೆಲ್ಲಗೆ. ಸೂತಕದ ಮಾತು ಬಿಡು, ವೈದ್ಯ ಕೇಳಿದ ಮಾತಿಗೆ ಏನು ಹೇಳುತ್ತೀ, ಮೊದಲು ಯಾರಿಗೆ ಬಂತು ಎಂದು. ಅಷ್ಟು ದಿನ ಅವರ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ರೋಗವಲ್ಲ, ಆ ಪ್ರಶ್ನೆ. ನನ್ನ ಗೋಡೆಯ ತುಂಬ ಗೆರೆಗಳಿದ್ದವು, ಅವುಗಳಲ್ಲಿ ಒಂದೂ ಇದಕ್ಕೆ ಉತ್ತರವಾಗಿರಲಿಲ್ಲ. ಗೋಕಾಕಿನಲ್ಲಿ ಹೆಂಗಸರನ್ನು ನೋಡುವ ಡಾಕ್ಟರ್ ಬಾಯಿ ಒಬ್ಬರು ಬಂದಿದ್ದಾರಂತೆ, ಒಂದು ಸಲ ತೋರಿಸಿಬಿಡಿ, ಅವರೂ ಗರ್ಮಿ ಅಂದರೆ ನಾನೇ ನಡೆದುಕೊಂಡು ಘೋಡಗೇರಿಗೆ ಹೋಗುತ್ತೇನೆ ಎಂದೆ. ಅತ್ತೆ ಒಪ್ಪಿದರು. ಬನದ ಹುಣ್ಣಿಮೆಗೆ ವಾರವಿತ್ತು.

ಗಂಡ ಗೋಕಾಕಿಗೆ ಹೋಗುವ ದಿನ ನಾನೂ ಬೆಲ್ಲದ ಪೆಂಟೆಗಳ ನಡುವೆ ಕೂತು ಹೋದೆ. ಗುಳ್ಳೆ ಇನ್ನೂ ಪೂರಾ ಒಣಗಿರಲಿಲ್ಲ, ಚಕ್ಕಡಿಯ ಒಂದೊಂದು ಕುಲುಕಿಗೂ ಜೀವ ಹೋಗುತ್ತಿತ್ತು. ಡಾಕ್ಟರ್ ಬಾಯಿ ಮರಾಠಿ ಮಾತಿನವರು, ಕನ್ನಡ ಹುಡುಕಿ ಹುಡುಕಿ ಆಡುತ್ತಿದ್ದರು. ಮೊದಲ ಸಲ ಒಬ್ಬರು ನನ್ನ ಮಾತು ಕೇಳುವ ಮೊದಲು ನನ್ನ ಹುಣ್ಣು ನೋಡಿದರು. ಗಂಟು ಮುಟ್ಟಿದರು, ಒಸಡು ನೋಡಿದರು, ಯಾವ ಮಾತ್ರೆ ತಿಂದೆ ಎಂದು ಕೇಳಿ ತಲೆ ಚಚ್ಚಿಕೊಂಡರು. ಗರ್ಮಿಯ ಹುಣ್ಣು ನೋಯುವುದಿಲ್ಲ, ಹೀಗೆ ಗೊಂಚಲಾಗಿ ಏಳುವುದಿಲ್ಲ, ಇದು ಅದಲ್ಲ ಎಂದರು. ನಾನು ಗೋಡೆಯ ಲೆಕ್ಕ ಹೇಳಿದೆ. ಅವರು ಬರೆಯುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಸರಿಯಾಗಿ ಕಂಡುಹಿಡಿದಿದ್ದೀ, ಕೆಲವು ಹೆಂಗಸರಿಗೆ ತಿಂಗಳ ದಿನಕ್ಕೆ ಮೊದಲು ಇದು ಏಳುತ್ತದೆ, ದೊಡ್ಡ ಪುಸ್ತಕಗಳಲ್ಲೂ ಹಾಗೆಯೇ ಬರೆದಿದೆ ಎಂದರು. ನನಗೆ ಆದ ಹೆಮ್ಮೆಯನ್ನು ಹೇಗೆ ಹೇಳಲಿ. ರೋಗಕ್ಕೆ ಔಷಧಿಯಿಲ್ಲ, ಒಳಗೇ ಇರುತ್ತದೆ, ಬರಬರುತ್ತ ಕಡಿಮೆಯಾಗುತ್ತದೆ, ಏಳುವ ಸೂಚನೆ ಸಿಕ್ಕ ದಿನದಿಂದ ಒಣಗುವ ತನಕ ಗಂಡನಿಂದ ದೂರವಿರು, ಉಪ್ಪು ನೀರಿನಲ್ಲಿ ತೊಳೆದುಕೋ ಎಂದರು. ಅವರು ಹೇಳಿದ್ದು ಮುಂದೆ ಖರೆಯೇ ಆಯಿತು.

ನನ್ನ ಚಾಳಿ ನನ್ನನ್ನು ಬಿಡಲಿಲ್ಲ. ಒಳಗೇ ಇರುವುದಾದರೆ ಒಳಗೆ ಬಂದದ್ದು ಎಲ್ಲಿಂದ ಎಂದು ಕೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ತಾನೇ ಹುಟ್ಟೋದಲ್ಲ ಇದು. ಒಬ್ಬರ ಮೈಯಿಂದ ಒಬ್ಬರಿಗೆ ಬರ್ತದ. ನಿನ್ನ ಯಜಮಾನರಿಗೆ ಹಿಂಗ ಎಂದಾದರೂ ಆಗಿತ್ತಾ, ಕೇಳು."

ಆ ಯಜಮಾನರು ಹೊರಗೆ ಬೇವಿನ ಮರದ ಕೆಳಗೆ ಎತ್ತುಗಳಿಗೆ ಕಣಿಕೆ ಹಾಕುತ್ತಿದ್ದರು. ತಿರುಗಿ ಬರುವಾಗ ಹೊಳೆ ದಾಟಿ ಅರಭಾವಿ ಬರುವ ತನಕ ನಾನು ಕೇಳಲಿಲ್ಲ. ಅಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ, ಡಾಕ್ಟರ್ ಬಾಯಿ ಹೇಳಿದ್ದನ್ನು ಇದ್ದಂತೆ ಹೇಳಿ, ನಿಮಗೆ ಎಂದಾದರೂ ಹೀಗೆ ಆಗಿತ್ತೇ ಎಂದೆ. ಅವರು ಎತ್ತಿನ ಹಗ್ಗವನ್ನು ಕೈಗೆ ಸುತ್ತುತ್ತ ನಿಂತರು. ಮದುವೆಗೆ ಮೊದಲು ಗೋಕಾಕಿನ ಪೇಟೆಯಲ್ಲಿ ಒಂದೆರಡು ಸಲ ಹೋಗಬಾರದ ಮನೆಗೆ ಹೋಗಿದ್ದರಂತೆ. ಆಮೇಲೆ ಗುಳ್ಳೆ ಎದ್ದಿದ್ದವು. ಈಗಲೂ ವರ್ಷಕ್ಕೊಮ್ಮೆ ಏಳುತ್ತವೆ, ಎರಡು ದಿನಕ್ಕೆ ಹೋಗುತ್ತವೆ. ಅವ್ವನ ಮಾತು ಕೇಳಿ ಅದು ಗರ್ಮಿ, ಅಂದರೆ ಕಾವು, ಎಂದೇ ತಿಳಿದಿದ್ದರಂತೆ. ವೈದ್ಯ ಕೇಳಿದ ಪ್ರಶ್ನೆ ಕಿವಿಗೆ ಬಿದ್ದ ದಿನ ಮಾತ್ರ ಎಲ್ಲ ತಿಳಿಯಿತು ಎಂದರು.

ತಿಳಿದೂ ಮೂರು ತಿಂಗಳು ಸುಮ್ಮನಿದ್ದಿರಾ ಎಂದೆ. ಗುಳ್ಳೆ ಕೊಟ್ಟಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ಅದು ತಿಳಿಯದೆ ಆದದ್ದು. ಕೈ ತೊಳೆಯಲು ದಿನವೂ ನನ್ನ ತಾಟು ದಾಟಿ ಹೋದರಲ್ಲ, ಅದಕ್ಕೆ ಬಂದ ಸಿಟ್ಟು ನನ್ನ ಜನ್ಮದಲ್ಲಿ ಮತ್ತೆ ಯಾರ ಮೇಲೂ ಬಂದಿಲ್ಲ. ಅವ್ವನ ಮುಂದೆ ಹೇಳಿ ಎಂದೆ. ಗಂಡಸಿನ ಮರ್ಯಾದೆಯ ಪ್ರಶ್ನೆ, ಡಾಕ್ಟರ್ ಬಾಯಿ ಗರ್ಮಿ ಅಲ್ಲ ಅಂದರು ಎಂದಷ್ಟೇ ಹೇಳೋಣ, ಸಾಕು ಎಂದರು.

"ನಿಮ್ಮ ಮರ್ಯಾದಿ ಒಳಗ ಕುಂತ ಉಂಡೇತ್ರಿ. ನನ್ನ ಮರ್ಯಾದಿ ಮೂರ ತಿಂಗಳಿಂದ ಹಿತ್ತಲದಾಗ ಉಣ್ಣಾಕತ್ತೈತಿ. ನೀವು ಹೇಳೂತನಕ ನಾ ಚಕ್ಕಡಿ ಇಳಿಯೂದಿಲ್ಲ."

ಇಳಿಯಲಿಲ್ಲ. ಮೂಡಲಗಿಯ ನಮ್ಮ ಮನೆಯ ಮುಂದೆ, ಹೊತ್ತು ಇಳಿಯುವಾಗ, ಎತ್ತು ಬಿಚ್ಚಿದ ಚಕ್ಕಡಿಯಲ್ಲಿ ಕಂಬಳಿ ಹೊದ್ದು ಕೂತೆ. ಓಣಿಯವರು ನೋಡುತ್ತ ಹೋದರು. ಗಂಡ ಎರಡು ಸಲ ಒಳಗೆ ಹೋಗಿ ಎರಡು ಸಲವೂ ತಿರುಗಿ ಬಂದರು. ಬಾ ಎಂದು ಒಂದು ಸಲ ಕೈಯನ್ನೂ ಚಾಚಿದರು. ನನಗೆ ಭಯವಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇವರು ಹೇಳದೆ ಹೋದರೆ ಬೆಳಗಾದರೆ ಇದೇ ಚಕ್ಕಡಿ ನನ್ನನ್ನು ಘೋಡಗೇರಿಗೆ ಒ‌ಯ್ಯುತ್ತದೆ ಎಂದು ನನಗೆ ಗೊತ್ತಿತ್ತು. ಮೂರನೆಯ ಸಲ ಅವರು ನೆಟ್ಟಗೆ ಅಡುಗೆಮನೆಯ ತನಕ ಹೋದರು. ಅತ್ತೆಯ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳುತ್ತಿತ್ತು. ಅದು ನಿಂತಿತು, ಗಂಡನ ದನಿ ಕೇಳಿಸಿತು.

"ಅದು ನನ್ನಿಂದ ಬಂದದ್ದವ್ವಾ. ಅಕೀದೇನೂ ತಪ್ಪಿಲ್ಲ."

ಸ್ವಲ್ಪ ಹೊತ್ತಿಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು, ತವೆಯ ಮೇಲಿನದನ್ನು ಮುಗಿಸುವ ತನಕ ನಡೆಯಿತು. ನಾನು ಇಳಿದು ಒಳಗೆ ಹೋದೆ. ಅತ್ತೆ ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿ ನನ್ನ ತಾಟು ತಂದರು, ಬೂದಿ ಹಚ್ಚಿ ತಿಕ್ಕಿದರು, ಒಲೆಯ ಹತ್ತಿರ ತಮ್ಮ ತಾಟಿನ ಪಕ್ಕಕ್ಕೆ ಇಟ್ಟರು. ಆಮೇಲೆ ಮಗನ ತಾಟು ಎತ್ತಿಕೊಂಡು ಹಿತ್ತಲ ಕಟ್ಟೆಯ ಮೇಲೆ ಇಟ್ಟು ಬಂದರು. ಮಗನ ಮುಖ ನೋಡಲಿಲ್ಲ.

"ನೀ ಅಲ್ಲಿ ಉಣ್ಣ. ಅಕಿ ಎಷ್ಟ ದಿನ ಉಂಡಾಳ, ಅಷ್ಟ ದಿನ."

ಗಂಡ ಹೋಗಿ ಅಲ್ಲಿ ಕೂತರು. ಹಿತ್ತಲ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ನಾನು ಗೆದ್ದೆ ಎಂದು ಖುಷಿಪಡಬೇಕಾಗಿತ್ತು. ಅತ್ತೆ ತಾಟಿಗೆ ಬಿಸಿ ರೊಟ್ಟಿ ಹಾಕಿದಾಗ, ಮೂರು ತಿಂಗಳು ತಡೆದಿಟ್ಟ ಅಳು ಒಮ್ಮೆಲೇ ಬಂದು, ತುತ್ತು ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು. ಅವರು ಸಮಾಧಾನ ಮಾಡಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ನನ್ನ ಕೈ ಹಿಡಿದು ತುತ್ತನ್ನು ಬಾಯಿಯ ತನಕ ತಂದು, ಒಡೆದ ದನಿಯಲ್ಲಿ ಹೇಳಿದರು.

"ಮೊದ್ಲ ಉಣ್ಣ ತಂಗಿ, ರೊಟ್ಟಿ ಆರತೈತಿ. ಆಮ್ಯಾಲೆ ಇಬ್ರೂ ಕೂಡಿ ಅಳೂಣು."